ಮೂರನೆಯ ಫ್ರೀಜರಿನ ವೈರು

ಜೂನ್ 14, 2024, ಶುಕ್ರವಾರ

ಆಸ್ಪತ್ರೆಯಲ್ಲಿ ಡೆಮೊ ಮುಗಿಯಿತು. ಕಂಪನಿಯ ಮರ್ಯಾದೆ ಉಳಿಯಿತು. ಉಳಿಸಿದವನು ನಾನು ಅಂತ ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ, ಬೇರೆಲ್ಲೂ ಯಾರೂ ಬರೆಯುವುದಿಲ್ಲ.

ಮೆಹದಿಪಟ್ಟಣಂ ದಾಟಿದ ಮೇಲೆ ಸಿಗುವ ಆಸ್ಪತ್ರೆ. ಎರಡನೇ ಮಹಡಿಯಲ್ಲಿ ತಾಯಿಹಾಲಿನ ಬ್ಯಾಂಕು. ಹಾಲು ಹೆಚ್ಚಿರುವ ಬಾಣಂತಿಯರು ಬಂದು ಕೊಟ್ಟು ಹೋಗುತ್ತಾರೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಅದನ್ನು ಕುಡಿಸುತ್ತಾರೆ. ಹಾಲಿನ ಸಣ್ಣ ಬಾಟಲಿಗಳೆಲ್ಲ ಮೂರು ಫ್ರೀಜರುಗಳಲ್ಲಿ ಮೈನಸ್ ಇಪ್ಪತ್ತು ಡಿಗ್ರಿಯಲ್ಲಿರುತ್ತವೆ. ಪ್ರತಿ ಫ್ರೀಜರಿಗೂ ತಾಪಮಾನ ನೋಡಿಕೊಳ್ಳುವ ಒಂದು ಕಂಟ್ರೋಲರ್. ಮೂರನ್ನೂ ಒಂದೇ ಜೋಡಿ ವೈರಿನಲ್ಲಿ ಪೋಣಿಸಿ, ಸಿಸ್ಟರ್ ಮೇಜಿನ ಕಂಪ್ಯೂಟರಿನ ಸೀರಿಯಲ್ ಪೋರ್ಟಿನವರೆಗೆ ತಂದವನು ನಮ್ಮ ವೈರಿಂಗ್ ಮೇಸ್ತ್ರಿ ಸೋಮಣ್ಣ. ಆ ವೈರಿನ ಮೇಲೆ ಮಾತುಕತೆ ನಡೆಸುವ ಪ್ರೋಗ್ರಾಮ್ ನನ್ನದು. ಐದು ಸೆಕೆಂಡಿಗೊಮ್ಮೆ ಅದು ಒಂದೊಂದೇ ಕಂಟ್ರೋಲರನ್ನು ನಂಬರ್ ಹಿಡಿದು ಕರೆದು, ತಾಪಮಾನ ಎಷ್ಟು ಎಂದು ಕೇಳುತ್ತದೆ. ಉತ್ತರ ಬಂದರೆ ಪರದೆಯ ಮೇಲೆ ಅಂಕಿ. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಅಂಕಿಯ ಜಾಗದಲ್ಲಿ ಅಡ್ಡಗೆರೆಗಳು, ಜೊತೆಗೆ ಕಿವಿ ತೂತಾಗುವ ಸೈರನ್.

ಇವತ್ತು ಪಕ್ಕದ ಲಿಫ್ಟ್ ಹೊರಟಾಗಲೆಲ್ಲ ಅದರ ಮೋಟಾರಿನ ಗದ್ದಲ ನಮ್ಮ ವೈರಿಗೆ ಹತ್ತಿ ಉತ್ತರಗಳು ಕೆಟ್ಟವು. ಸೂಪರಿಂಟೆಂಡೆಂಟ್ ಎದುರಿಗೇ ಮೂರು ಸಲ ಸೈರನ್. ನಮ್ಮ ಮಾಲೀಕ ಗೋಪಿನಾಥ ನನ್ನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ಹದಿನಾಲ್ಕು ವರ್ಷದ ನನ್ನ ನೌಕರಿ ಅಲ್ಲೇ ಬಾಗಿಲ ಬಳಿ ನಿಂತು ಚಪ್ಪಲಿ ಹುಡುಕುತ್ತಿತ್ತು. ಸೋಮಣ್ಣ ಕಿವಿಯ ಹತ್ತಿರ ಬಂದು, "ಎರಡು ದಿನ ಕೊಡ್ರಿ ಸಾಹೇಬ್ರ, ವೈರನ್ನ ಲಿಫ್ಟಿಂದ ದೂರ ತಿರುವಿ ಹಾಕ್ತೀನಿ," ಅಂದ. ಎರಡು ದಿನ ಯಾರ ಬಳಿ ಇದೆ? ಎಲ್ಲರೂ ಚಹಾಕ್ಕೆ ಎದ್ದಾಗ ನಾನು ಕೂತು, ಸೈರನ್ ಬಾರಿಸುವ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿದೆ. ಹಾಗೆ ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದುವುದಿಲ್ಲ. ಉತ್ತರ ಬಾರದಿದ್ದರೆ ಹಿಂದಿನ ಅಂಕಿಯನ್ನೇ ಹಿಡಿದು ತೋರಿಸು ಎಂದು ಇನ್ನೊಂದು ಸಾಲು ಸೇರಿಸಿದೆ. ಚಹಾ ಮುಗಿಸಿ ಬಂದರು. ಲಿಫ್ಟ್ ಹೋಯಿತು, ಬಂತು. ಪರದೆ ಅಲುಗಲಿಲ್ಲ. ಸೂಪರಿಂಟೆಂಡೆಂಟ್ ಕೈಕುಲುಕಿದರು.

ಡೆಮೊಕ್ಕೆ ಮಾತ್ರ ಇದು. ಸೋಮವಾರ ತೆಗೆದರಾಯಿತು.

ಜೂನ್ 19, ಬುಧವಾರ

ಸೋಮಣ್ಣ ಎರಡು ದಿನ ಏಣಿ ಹತ್ತಿ ಇಳಿದು ವೈರನ್ನು ಬೇರೆ ಗೋಡೆಯ ಮೇಲೆ ತಿರುಗಿಸಿದ್ದಾನೆ. ಈಗ ಲಿಫ್ಟಿನ ಗದ್ದಲವೇ ಇಲ್ಲ. ಪ್ರೋಗ್ರಾಮ್ ಬರೆದಿಟ್ಟ ಲಾಗ್ ನೋಡಿದೆ, ನಲವತ್ತು ಸಾವಿರ ಪ್ರಶ್ನೆಗೆ ಒಂದೇ ಒಂದು ಉತ್ತರವೂ ತಪ್ಪಿಲ್ಲ. ಹೊಗಳಿದರೆ ಉಬ್ಬುತ್ತಾನೆ ಅಂತ ಹೇಳಲಿಲ್ಲ.

ಮಧ್ಯಾಹ್ನ ಉಪ್ಪಲ್ ಆಫೀಸಿನಲ್ಲಿ ಒಟ್ಟಿಗೆ ಉಂಡೆವು. ನನ್ನ ಹೆಂಡತಿ ಮೃಣಾಲಿನಿ ಡಬ್ಬಿಯಲ್ಲಿ ಸೋಮಣ್ಣನಿಗೆಂದೇ ಎರಡು ಜೋಳದ ರೊಟ್ಟಿ ಹೆಚ್ಚಿಗೆ ಇಡುತ್ತಾಳೆ, ವರ್ಷಗಳಿಂದ. ಅವನಿಗೆ ಮನೆಯಲ್ಲಿ ಮಾಡಿ ಹಾಕುವವರಿಲ್ಲ. ರೊಟ್ಟಿ ಮುರಿಯುತ್ತ, "ಅಕ್ಕಾರ ಕೈಯಾಗ ನಮ್ಮ ಬೀದರ ಐತ್ರಿ," ಅಂದ. ನಾನು, "ನಿನ್ನ ವೈರಿನಾಗ ಏನೈತಿ?" ಅಂತ ಕೆಣಕಿದೆ. ಇದು ನಮ್ಮ ಹಳೆಯ ಜಗಳ. ಏನೇ ಕೆಟ್ಟರೂ ನಾನು ಮೊದಲು ವೈರ್ ನೋಡಿ ಅನ್ನುತ್ತೇನೆ, ಅವನು ಮೊದಲು ಪ್ರೋಗ್ರಾಮ್ ನೋಡಿ ಅನ್ನುತ್ತಾನೆ. ಹನ್ನೊಂದು ವರ್ಷದಲ್ಲಿ ಅವನ ವೈರು ಕೆಟ್ಟದ್ದು ನನಗೆ ನೆನಪಿಲ್ಲ. ಅದನ್ನೂ ಹೇಳಿಲ್ಲ.

ಜುಲೈ 8, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಹಾಲಿನ ಬ್ಯಾಂಕಿನ ಸಿಸ್ಟರ್ ಸತ್ಯಭಾಮಾ ಫೋನ್ ಮಾಡಿದರು. ಮೂರನೆಯ ಫ್ರೀಜರಿನ ಮುಚ್ಚಳ ತೆಗೆದರೆ ಬಾಟಲಿಗಳೆಲ್ಲ ನೀರಾಗಿವೆ ಎಂದು ತೆಲುಗಿನಲ್ಲಿ, ಬಹಳ ನಿಧಾನವಾಗಿ ಹೇಳಿದರು. ಪರದೆಯ ಮೇಲೆ ಎಷ್ಟಿದೆ ಎಂದು ಕೇಳಿದೆ. ಮೈನಸ್ ಇಪ್ಪತ್ತು ಪಾಯಿಂಟ್ ನಾಲ್ಕು ಎಂದರು.

ಆ ಎರಡು ಓರೆಗೆರೆ ಆಗಲೇ ನೆನಪಾದವು. ತೆಗೆದಿರಲಿಲ್ಲ. ಮೂರು ವಾರ ಅವು ಅಲ್ಲೇ ಕೂತಿದ್ದವು.

ಗೋಪಿನಾಥ, ನಾನು, ಸೋಮಣ್ಣ ಹೋದೆವು. ಮೂರನೆಯ ಫ್ರೀಜರಿನ ಎಂಸಿಬಿ, ಅಂದರೆ ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ಬಿದ್ದಿತ್ತು. ಶನಿವಾರ ಯಾವಾಗಲೋ ಬಿದ್ದಿರಬೇಕು. ನಿನ್ನೆ ಬೋನಾಲು ಹಬ್ಬ, ಹಾಲು ಕೊಡಲು ಯಾರೂ ಬಂದಿಲ್ಲ. ಕೂಸುಗಳಿಗೆ ಬೇಕಾದದ್ದನ್ನು ಮೊದಲನೆಯ ಫ್ರೀಜರಿನಿಂದ ತೆಗೆದಿದ್ದಾರೆ. ಕರೆಂಟ್ ಹೋದ ಮೇಲೆ ಆ ಕಂಟ್ರೋಲರ್ ಉತ್ತರ ಕೊಡುವುದು ಎಲ್ಲಿಂದ? ನನ್ನ ಪ್ರೋಗ್ರಾಮ್ ಎರಡು ದಿನ ಕೇಳುತ್ತಲೇ ಇತ್ತು, ಹಳೆಯ ಅಂಕಿ ತೋರಿಸುತ್ತಲೇ ಇತ್ತು. ನೂರಾ ಎಂಬತ್ತೆರಡು ಬಾಟಲಿ. ಸಿಸ್ಟರ್ ಒಂದೊಂದರ ಚೀಟಿ ಓದಿ, ಪಟ್ಟಿಗೆ ಗುರುತು ಹಾಕಿ, ಸಿಂಕಿನಲ್ಲಿ ಸುರಿಯುತ್ತಿದ್ದರು. ಬೇರೆ ಯಾರಿಗೂ ಆ ಕೆಲಸ ಮಾಡಗೊಡಲಿಲ್ಲ.

ಗೋಪಿನಾಥ ಸೂಪರಿಂಟೆಂಡೆಂಟ್ ಕೋಣೆಗೆ ಹೋದರು. ಸೋಮಣ್ಣ ಕೆಳಗೆ ಕರೆಂಟ್ ಬೋರ್ಡು ನೋಡಲು ಹೋದ. ನಾನು ಫ್ರೀಜರಿನ ಹಿಂದೆ ಕೂತು ಕಂಟ್ರೋಲರಿನ ವೈರುಗಳನ್ನು ಎಳೆದು ನೋಡಿದೆ. ಯಾರಾದರೂ ಮೊದಲು ಮಾಡುವ ಪರೀಕ್ಷೆಯೇ ಅದು. ಮೊದಲ ಸಲಕ್ಕೆ ಬರಲಿಲ್ಲ. ಮತ್ತೊಮ್ಮೆ ಎಳೆದೆ. ಒಂದು ಕಳಚಿ ಬಂತು. ಅಷ್ಟರಲ್ಲಿ ಗೋಪಿನಾಥ ಬಂದು, "ಏನು ಸಿಕ್ತೇನ್ರಿ?" ಅಂದರು. ವೈರು ತೋರಿಸಿದೆ. "ಅಂದ್ರ ಸ್ಕ್ರೂ ಸಡಿಲಿತ್ತು," ಅಂದರು. ನಾನು, "ಮೊದಲು ವೈರ್ ನೋಡ್ಬೇಕಲ್ರಿ," ಅಂದೆ. ಪರದೆಯಲ್ಲಿ ಇನ್ನೂ ಮೈನಸ್ ಇಪ್ಪತ್ತು ಯಾಕಿದೆ ಎಂದು ಸಿಸ್ಟರ್ ಕೇಳಿದರು. ವೈರ್ ಕಳಚಿದರೆ ಪರದೆ ಕೊನೆಯ ಅಂಕಿಯಲ್ಲೇ ನಿಲ್ಲುತ್ತದೆ ಎಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

ಸೋಮಣ್ಣ ಮೇಲೆ ಬಂದ. ಕಳಚಿದ ತುದಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಒಂದಿಂಚು ಕತ್ತರಿಸಿ, ಹೊಸದಾಗಿ ಸುಲಿದು, ಸ್ಕ್ರೂ ಬಿಗಿದ. 

ಎಲ್ಲರೂ ಹೊರಟ ಮೇಲೆ ಆ ಕಂಪ್ಯೂಟರಿನಲ್ಲಿ ಎರಡು ಓರೆಗೆರೆ ಅಳಿಸಿದೆ. ಒಂದು ನಿಮಿಷದ ಕೆಲಸ. ಬಲಗೈ ತೋರುಬೆರಳಿನ ಸುತ್ತ ಕೆಂಪು ಗೆರೆ ಬಿದ್ದಿದೆ, ಉರಿಯುತ್ತಿದೆ.

ಜುಲೈ 9, ಮಂಗಳವಾರ

ಆಸ್ಪತ್ರೆಯವರು ಲಿಖಿತ ಕಾರಣ ಕೇಳಿದ್ದಾರೆ. ಗೋಪಿನಾಥ ಇಂಗ್ಲಿಷಿನಲ್ಲಿ ಪತ್ರ ತಯಾರಿಸಿದರು: ಮೂರನೆಯ ಫ್ರೀಜರಿನ ವೈರನ್ನು ತಂತ್ರಜ್ಞರು ಸರಿಯಾಗಿ ಬಿಗಿಯದ ಕಾರಣ ಮಾಹಿತಿ ತಲುಪಲಿಲ್ಲ, ಸಂಬಂಧಪಟ್ಟವರನ್ನು ಕೆಲಸದಿಂದ ತೆಗೆಯಲಾಗಿದೆ. "ಯಾರದರ ಒಂದು ಹೆಸರು ಬೇಕ್ರಿ, ಇಲ್ಲಂದ್ರ ಕಂಪನಿ ಹೆಸರು ಹೋಗ್ತದ," ಅಂದರು. ಪ್ರೋಗ್ರಾಮ್ ಕಡೆಯಿಂದ ಏನೂ ಇಲ್ಲವಷ್ಟೇ ಎಂದು ನನ್ನನ್ನೂ ಕೇಳಿದರು. ಈಗ ಸರಿಯಾಗಿದೆ ಎಂದೆ. ನಿಜವಾಗಿಯೂ ಈಗ ಸರಿಯಾಗಿದೆ.

ಸೋಮಣ್ಣನನ್ನು ಕರೆದು ಕೂರಿಸಿ ಪತ್ರದಲ್ಲಿರುವುದನ್ನು ಹೇಳಿದರು. ಸಹಿ ಹಾಕಲು ಅವನು ತುಂಬಾ ಹೊತ್ತು ತೆಗೆದುಕೊಂಡ. ಪಾಪ, ಇಂಗ್ಲಿಷ್ ಓದಲು ಬರುವುದಿಲ್ಲ. ಕೊನೆಗೆ ಕನ್ನಡದಲ್ಲಿ ಸಹಿ ಮಾಡಿ, ಟೆಸ್ಟರ್ ಮತ್ತು ಕಟರ್ ಚೀಲಕ್ಕೆ ಹಾಕಿಕೊಂಡು ಹೋದ. ಬಾಗಿಲಲ್ಲಿ ನನ್ನನ್ನು ನೋಡಿ, "ಬರ್ತೀನ್ರಿ ಸಾಹೇಬ್ರ," ಅಂದ. ನಾನು ತಲೆಯಾಡಿಸಿದೆ.

 ಒಂದು ವಾರ ಬಿಟ್ಟು, ಎಲ್ಲ ತಣ್ಣಗಾದ ಮೇಲೆ ಗೋಪಿನಾಥರಿಗೆ ಹೇಳುತ್ತೇನೆ. ಈಗ ಹೇಳಿದರೆ ಇಬ್ಬರೂ ಬೀದಿಗೆ. ಅದರಿಂದ ಸೋಮಣ್ಣನಿಗೆ ಏನು ಲಾಭ?

ಜುಲೈ 12, ಶುಕ್ರವಾರ

ಡಬ್ಬಿಯಲ್ಲಿ ಇವತ್ತೂ ಅವನ ಎರಡು ರೊಟ್ಟಿ. ಮೃಣಾಲಿನಿಗೆ ಹೇಳಿಲ್ಲ. ನಾನೇ ತಿಂದೆ. 

ಜುಲೈ 17, ಬುಧವಾರ

ಮೊಹರಂ ರಜೆ. ಉಪ್ಪಲ್‌ನಲ್ಲಿ ಪ್ಯಾನೆಲ್ ಬೋರ್ಡ್ ಮಾಡುವ ವಿಶ್ವಜಿತ್ ಫೋನ್ ಮಾಡಿದ್ದ. ಸೋಮಣ್ಣ ಅವನ ಹತ್ತಿರ ಕೆಲಸ ಕೇಳಿಕೊಂಡು ಹೋಗಿದ್ದನಂತೆ. "ಆಸ್ಪತ್ರೆಯ ಆ ವೈರು ಇವ್ನದೇ ಏನ್ರಿ? ಗೋಪಿನಾಥ ಹೇಳ್ತಿದ್ರು. ಕೆಲ್ಸದ ಕೈ ಹೆಂಗೈತಿ ಈಗ?" ಎಂದು ಕೇಳಿದ. ವಯಸ್ಸಾಗಿದೆ ನೋಡಿ ಎಂದೆ. ಸೋಮಣ್ಣನಿಗೆ ಐವತ್ತೆಂಟು, ವಯಸ್ಸಾಗಿರುವುದು ಹೌದು. ಕನ್ನಡಕವಿಲ್ಲದೆ ಟರ್ಮಿನಲ್ ನಂಬರ್ ಓದಲು ಕಷ್ಟಪಡುತ್ತಿದ್ದ.

ವಿಶ್ವಜಿತ್ ಕೆಲಸ ಕೊಟ್ಟಿರಲಿಕ್ಕಿಲ್ಲ. ನಾನು ಬೇಡ ಎಂದಿಲ್ಲ.

ಜುಲೈ 22, ಸೋಮವಾರ

ಸೋಮಣ್ಣನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ವೈರಿಂಗನ್ನು ನಾನೇ ಮಾಡುತ್ತಿದ್ದೇನೆ. ಆ ಸಡಿಲ ವೈರಿನ ಪ್ರಕರಣವಾದ ಮೇಲೆ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದ್ದೇನೆ: ಒಬ್ಬರು ಬಿಗಿದ ಸ್ಕ್ರೂವನ್ನು ಇನ್ನೊಬ್ಬರು ಎಳೆದು ನೋಡಿ ಸಹಿ ಹಾಕಬೇಕು. ಗೋಪಿನಾಥ ಮೆಚ್ಚಿದರು. ಈ ನಿಯಮ ಮೊದಲೇ ಇದ್ದಿದ್ದರೆ ಸೋಮಣ್ಣನಿಗೂ ಈ ಗತಿ ಬರುತ್ತಿರಲಿಲ್ಲ. ಒಳ್ಳೆಯ ಕೆಲಸಗಾರ, ಆದರೆ ತಾನು ಮಾಡಿದ್ದನ್ನು ಮತ್ತೊಮ್ಮೆ ನೋಡುವ ಅಭ್ಯಾಸ ಇರಲಿಲ್ಲ.

ರಾತ್ರಿ ನಿದ್ದೆ ಬರುತ್ತಿದೆ. ರೊಟ್ಟಿಗಳನ್ನು ವಾಚ್‌ಮನ್‌ಗೆ ಕೊಡುತ್ತೇನೆ, ಹಾಳು ಮಾಡುವುದಿಲ್ಲ.

ಜುಲೈ 30, ಮಂಗಳವಾರ

ತಿಂಗಳ ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದೆ. ಮೂರನೆಯ ಫ್ರೀಜರಿನ ಹಿಂದೆ ಕೂತು ಸ್ಕ್ರೂ ನೋಡುತ್ತಿದ್ದಾಗ ಮೇಲಿನಿಂದ ಕನ್ನಡ ಕೇಳಿಸಿತು. "ಇದು ಈಗ ಸರಿ ಆಗೈತೇನ್ರಿ?"

ಇಪ್ಪತ್ತೈದು ದಾಟಿರದ ಹೆಣ್ಣುಮಗಳು. ಹೆಸರು ಶೀತಲ, ಹುಮನಾಬಾದಿನ ಕಡೆಯವಳು, ಗಂಡ ಇಲ್ಲೇ ಕಾಟೇದಾನ್ ಫ್ಯಾಕ್ಟರಿಯಲ್ಲಿದ್ದಾನೆ. ನಾನು ಆಫೀಸಿನವರ ಜೊತೆ ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ ಬಂದಿದ್ದಳು. ಸರಿಯಾಗಿದೆ ಎಂದೆ. ಅವಳು ಫ್ರೀಜರಿನ ಮೇಲೆ ಕೈಯಿಟ್ಟು ನಿಂತುಕೊಂಡಳು. "ನನ್ನ ಹಾಲೂ ಇದ್ರಾಗ ಇತ್ರಿ. ಕೂಸು ಒಂಬತ್ತ ದಿನಕ್ಕ ಹೋತು. ಹಾಲು ನಿಲ್ಲವಲ್ದು. ಯಾವ ಕೂಸಿಗರ ಆಗ್ಲಿ ಅಂತ ಕೊಡಾಕ ಹತ್ತಿದೆ. ಹದಿನಾಕ ಬಾಟ್ಲಿ."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ವೈರಿಂದ ತೊಂದರೆ ಆಗಿತ್ತು, ಈಗ ಬೇರೆ ನಿಯಮ ಮಾಡಿದ್ದೇವೆ ಎಂದೆ.

"ಗೊತ್ತೈತ್ರಿ. ವೈರ್ ಹಾಕಿದ ಆ ಅಜ್ಜ ಬಂದಿದ್ದಾ. ಬಾಕಿನ ಮ್ಯಾಲ ನನ್ನ ಬಾಜೂಕ ಕುಂತು ಕೈ ಮುಗದ. ನಮ್ಮಿಂದ ತಪ್ಪಾತವ್ವ, ನಿನ್ನ ಹಾಲು ಕೆಟ್ಟುಹೋತು ಅಂತ ಅತ್ತ. ಅಂವ ಅತ್ತಾಗ ನಾನೂ ಅತ್ತೆ. ಕೂಸು ಹೋದಾಗ ಅತ್ತಿರಲಿಲ್ರಿ ನಾನು." ಫ್ರೀಜರಿನ ಮೇಲಿದ್ದ ಕೈ ತೆಗೆದು, "ಅಂವಗ ಕೆಲ್ಸ ಹೋತಂತಲ್ರಿ. ಬೈಬ್ಯಾಡ್ರಿ ಅಂವಗ," ಅಂದಳು.

ಸಿಸ್ಟರನ್ನು ಕೇಳಿದೆ. ಸೋಮಣ್ಣ ಒಂದು ದಿನವಲ್ಲ, ನಾಲ್ಕು ದಿನ ಬಂದು ಹೊರಗಿನ ಆ ಬೆಂಚಿನ ಮೇಲೆ ಕೂತಿದ್ದನಂತೆ. ಹಾಲು ಕೊಟ್ಟ ತಾಯಂದಿರು ಬಂದ ಹಾಗೆ ಒಬ್ಬೊಬ್ಬರಿಗೂ ಹೇಳಿದನಂತೆ.

ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಹೋದದ್ದೂ ಗೊತ್ತಾಗಲಿಲ್ಲ. ಬಿಸಿಲಿಗೆ ಇರಬೇಕು, ಊಟವೂ ಆಗಿರಲಿಲ್ಲ.

ಆಗಸ್ಟ್ 1, ಗುರುವಾರ

ಬರೆಯುವಂಥದ್ದೇನಿಲ್ಲ.

ಆಗಸ್ಟ್ 3, ಶನಿವಾರ

ಅಂಬರ್‌ಪೇಟೆಯಲ್ಲಿ ಸೋಮಣ್ಣನ ಕೋಣೆ ಹುಡುಕಿಕೊಂಡು ಹೋದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ವಿಶ್ವಜಿತ್‌ಗೆ ಒಂದು ಮಾತು ಹೇಳಿ ಕೆಲಸ ಕೊಡಿಸುತ್ತೇನೆ ಎಂದು ಹೇಳಲು ಹೋಗಿದ್ದೆ. ಮನಸ್ಸಿನಲ್ಲಿ ಇದ್ದದ್ದು ಅಷ್ಟೇ.

ಸೋಮಣ್ಣನವರು ಒಬ್ಬರೇ ಇದ್ದರು. ಅಂಗಿ ಒಗೆದು ಹಿಂಡುತ್ತಿದ್ದವರು ಕೈ ಒರೆಸಿಕೊಂಡು, "ಬರ್ರಿ ಸಾಹೇಬ್ರ," ಎಂದು ಚಾಪೆ ಹಾಸಿದರು. ನಾನು ಕೆಲಸದ ಮಾತು ತೆಗೆದೆ. ಈಗ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿಗೆ ಹೋಗುತ್ತಿದ್ದಾರಂತೆ. "ಸುತ್ತೂದಷ್ಟ ನನ್ನ ಕೆಲ್ಸರಿ. ವೈರ್ ಜೋಡಸೂದು, ಕರೆಂಟ್ ಕೊಡೂದು ಮಾಲೀಕನ ಮಾಡ್ತಾನ. ನನ್ನ ಕೈಗೆ ಕೊಡಂಗಿಲ್ಲ. ಸುದ್ದಿ ಅಲ್ಲೀತನಾ ಹೋಗೇತಿ."

ಸಮಾಧಾನ ಹೇಳಬೇಕೆನಿಸಿ, ಯಾರ ಕೈಯಲ್ಲಾದರೂ ಒಂದು ಸ್ಕ್ರೂ ಸಡಿಲ ಉಳಿಯುತ್ತದೆ ಸೋಮಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಇಷ್ಟನ್ನೂ ಹೇಳಿದೆ. ಬರೆಯುವಾಗ ನಾಚಿಕೆಯಾಗುತ್ತಿದೆ.

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. "ಸಡಿಲ ಇದ್ದ ವೈರು ಸುಮ್ಮ ಜಾರಿ ಬರ್ತದ್ರಿ. ತುದಿ ನುಣ್ಣಗಿರ್ತದ. ಅವತ್ತ ನನ್ನ ಕೈಯಾಗ ಬಂದ ವೈರಿನ ಮ್ಯಾಲ ಸ್ಕ್ರೂ ಕಚ್ಚಿದ ಗುರ್ತು ಹಂಗ ಇತ್ತು. ತಾಮ್ರದ ಎಳಿ ಎಲ್ಲಾ ಹಿಗ್ಗಿ ಹರದಿದ್ವು. ಅದು ಸಡಿಲಾಗಿದ್ದಲ್ರಿ. ಜಗ್ಗಿದ್ದು."

ಮೇಲೆ ಫ್ಯಾನ್ ತಿರುಗುತ್ತಿತ್ತು. "ಅವತ್ತೇ ಗೊತ್ತಿತ್ತೇನು?" ಎಂದು ಕೇಳಿದೆ.

"ಕೈಯಾಗ ಹಿಡದಾಗ್ಲೇ ಗೊತ್ತಾತ್ರಿ. ನಿಮ್ಮ ಕೈಬಟ್ಟ ಕೆಂಪಾಗಿತ್ತು."

"ಮತ್ತ ಸಹಿ ಯಾಕ ಮಾಡಿದ್ರಿ?"

"ನೀವು ಎದುರಿಗೇ ನಿಂತಿದ್ರಿ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ ಪೆನ್ನು ಹಿಡಕೊಂಡು ಕುಂತೆ. ಗೋಪಿನಾಥ ಸಾಹೇಬ್ರು ಎರಡ ಸಲ ಬಟ್ಟ ಇಟ್ಟು ತೋರಿಸಿದ್ರು, ಇಲ್ಲಿ ಮಾಡು ಅಂತ. ನೀವು ಫೋನ್ ನೋಡಾಕತ್ತಿದ್ರಿ. ಹನ್ನೊಂದ ವರ್ಷ ಒಂದ ಡಬ್ಬಿಯೊಳಗ ಉಂಡೀವಿ. ನಿಮ್ಮ ಬಾಯಿಂದ ಬರ್ಬೇಕಾದ ಮಾತು ನಾ ಹೆಂಗ ಆಡ್ಲಿ?"

ಆ ಹುಡುಗಿಯ ಮುಂದೆ ಯಾಕೆ ತಪ್ಪೊಪ್ಪಿಕೊಂಡಿರಿ, ನಿಮ್ಮದಲ್ಲದ ತಪ್ಪನ್ನು ಎಂದೆ. ಮೊದಲ ಸಲ ಅವರ ದನಿ ಏರಿತು. "ಅಕಿ ಕೇಳಿದ್ಲಲ್ರಿ. ಕೂಸಿಲ್ಲದ ತಾಯಿ, ನನ್ನ ಹಾಲು ಹೆಂಗ ಕೆಟ್ತು ಅಂತ ಕೇಳಿದ್ಲು. ಯಾರರ ಒಬ್ರು ತಪ್ಪಾತು ಅನ್ನಬೇಕಿತ್ತು. ನೀವಂತೂ ಹೋಗಿರ್ಲಿಲ್ಲ."

ಚಹಾ ಮಾಡಿಕೊಟ್ಟರು. ಕುಡಿದು ಬಂದೆ.

ಹೌದು, ಎಳೆದದ್ದು ನಾನು. ಬೆರಳಿಗೆ ವೈರು ಸುತ್ತಿ, ಫ್ರೀಜರಿಗೆ ಕಾಲು ಕೊಟ್ಟು, ಬರುವವರೆಗೂ ಎಳೆದೆ. ಜುಲೈ ಎಂಟರ ಪುಟ ತೆಗೆದು ಓದಿದೆ. ಮತ್ತೊಮ್ಮೆ ಎಳೆದೆ, ಕಳಚಿ ಬಂತು ಎಂದು ಬರೆದಿದ್ದೇನೆ. ಇಪ್ಪತ್ತೆರಡರ ಪುಟದಲ್ಲಿ ಅದು ಸಡಿಲ ವೈರು ಆಗಿಬಿಟ್ಟಿದೆ. ಬೇರೆ ಯಾರೂ ಓದದ ಪುಸ್ತಕ ಇದು. ಇದರಲ್ಲೂ ನಾನು ಯಾರಿಗೆ ಸುಳ್ಳು ಹೇಳುತ್ತಿದ್ದೆ?

ಆಗಸ್ಟ್ 5, ಸೋಮವಾರ

ಗೋಪಿನಾಥರಿಗೆ ಹೇಳಿದೆ. ಓರೆಗೆರೆ, ವೈರು, ಎಲ್ಲ. ಅವರು ಎದ್ದು ಬಾಗಿಲು ಹಾಕಿ ಬಂದು ಕೂತರು. "ಮುಗದ ಮಾತು ಯಾಕ ಕೆದಕ್ತೀರಿ? ಆಸ್ಪತ್ರೆಯವರು ಮರ್ತಾರ. ಈಗ ಹೇಳಿದ್ರ ನಾನು ಕೊಟ್ಟ ಪತ್ರ ಸುಳ್ಳಾಗ್ತದ. ಬೇಕಂದ್ರ ಸೋಮಣ್ಣನ್ನ ಬ್ಯಾರೆ ಹೆಸರಿಲೇ ಕರ್ಕೊಳ್ಳೋಣ, ಗೋದಾಮು ನೋಡ್ಕೊಂಡು ಇರ್ಲಿ." ಅವರು ಕೆಟ್ಟವರಲ್ಲ. ಒಂದು ತಿಂಗಳು ನಾನು ಯೋಚಿಸಿದ್ದನ್ನೇ ಅವರು ಐದು ನಿಮಿಷದಲ್ಲಿ ಹೇಳಿದರು.

ಪತ್ರ ನಾನೇ ಬರೆಯುತ್ತೇನೆ ಎಂದೆ. ಹಾಗಿದ್ದರೆ ರಾಜೀನಾಮೆಯನ್ನೂ ಜೊತೆಗೇ ಬರೆಯಿರಿ ಎಂದರು.

ಆಗಸ್ಟ್ 6, ಮಂಗಳವಾರ

ಮೃಣಾಲಿನಿಗೆ ಹೇಳಿದೆ. ಕೆಲಸ ಹೋದದ್ದಕ್ಕೆ ಅವಳು ಏನೂ ಅನ್ನಲಿಲ್ಲ. "ಅಂದ್ರ ಒಂದ ತಿಂಗಳ ನಾ ಮಾಡಿದ ರೊಟ್ಟಿ ಯಾರು ತಿಂದ್ರು?" ಎಂದು ಕೇಳಿದಳು. ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಇವತ್ತು ನನಗೂ ರೊಟ್ಟಿ ಮಾಡಲಿಲ್ಲ.

ಆಗಸ್ಟ್ 8, ಗುರುವಾರ

ಪತ್ರ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಒಂದೂವರೆ ಪುಟ, ನನ್ನ ಹೆಸರಿನಲ್ಲಿ. ಸೂಪರಿಂಟೆಂಡೆಂಟ್ ಓದಿ, ವಕೀಲರಿಗೆ ಕಳಿಸುತ್ತೇನೆ ಎಂದು ಪ್ರತಿಯ ಮೇಲೆ ಸೀಲು ಒತ್ತಿ ಕೊಟ್ಟರು. ಮುಂದೆ ಏನಾಗುತ್ತದೋ ತಿಳಿಯದು.

ಸಿಸ್ಟರ್ ಸತ್ಯಭಾಮಾರಿಗೆ ಬಾಯಲ್ಲಿ ಹೇಳಿದೆ, ಅರ್ಥವಾಗಲಿ ಎಂದು ತೆಲುಗಿನಲ್ಲಿ. ಅವರು ಬಾಟಲಿಗೆ ಚೀಟಿ ಅಂಟಿಸುತ್ತಲೇ ಕೇಳಿಸಿಕೊಂಡರು. ನನ್ನನ್ನು ಇಷ್ಟು ದಿನ ಬಾಬು ಎನ್ನುತ್ತಿದ್ದವರು ಈಗ ಹೊರಗಿನವರಿಗೆ ಹೇಳುವ ಹಾಗೆ ಹೆಸರು ಹಿಡಿದು, ಜನಾರ್ದನ್ ಗಾರು ಎಂದರು. ಆ ಪರದೆಯನ್ನು ನಂಬಿ ತಾವು ಎರಡು ದಿನ ಮುಚ್ಚಳ ತೆಗೆದು ನೋಡಲಿಲ್ಲ, ಹಾಗಾಗಿ ತಪ್ಪು ತಮ್ಮದು ಎಂದು ಇಷ್ಟು ದಿನ ಅಂದುಕೊಂಡಿದ್ದರಂತೆ. ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ತಪ್ಪನ್ನು ಇನ್ನೊಬ್ಬರೂ ಹೊತ್ತುಕೊಂಡಿದ್ದರು.

ಶೀತಲಳಿಗೆ ಹೇಳಬೇಕು, ಅವಳು ಯಾವಾಗ ಬರುತ್ತಾಳೆ ಎಂದು ಕೇಳಿದೆ. ಸಿಸ್ಟರ್ ಚೀಟಿ ಅಂಟಿಸುವುದು ನಿಲ್ಲಿಸಿದರು. ಅವಳ ಹಾಲು ಈಗ ನಿಂತಿದೆ, ಇನ್ನು ಬರುವುದಿಲ್ಲ ಎಂದರು. ಮನೆ ಹುಡುಕಿಕೊಂಡು ಹೋಗಬೇಡಿ, ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಆ ಹುಡುಗಿಯನ್ನು ಮತ್ತೊಮ್ಮೆ ಅಳಿಸಬೇಡಿ ಎಂದರು. ಸರಿ ಎಂದೆ.

ಆಗಸ್ಟ್ 17, ಶನಿವಾರ

ಸುಲ್ತಾನ್ ಬಜಾರಿಗೆ ಹೋದೆ. ಶ್ರಾವಣದ ಸೀರೆ ಕೊಳ್ಳುವವರ ನಡುವೆ ಮೈ ತೂರಿಸಿಕೊಂಡು ಹಿಂದಿನ ಗಲ್ಲಿ ತಲುಪುವಷ್ಟರಲ್ಲಿ ಅಂಗಿ ಒದ್ದೆಯಾಗಿತ್ತು. ಅಂಗಡಿ ಅಂದರೆ ಒಂದು ಶಟರ್, ಒಳಗೆ ಬಿಚ್ಚಿದ ನೀರಿನ ಮೋಟಾರುಗಳು, ವಾರ್ನಿಶ್ ವಾಸನೆ. ಮಾಲೀಕ ಮುಂದೆ ಕೂತು ಒಂದು ಮೋಟಾ‌ರಿಗೆ ವೈರ್ ಜೋಡಿಸುತ್ತಿದ್ದ. ಸೋಮಣ್ಣನವರು ಹಿಂದೆ ಗೋಡೆಗೆ ಮುಖ ಮಾಡಿ ತಾಮ್ರದ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಸುತ್ತುವುದು ನಿಲ್ಲಿಸಲಿಲ್ಲ. ಸುತ್ತುಗಳ ಲೆಕ್ಕ ತಪ್ಪುತ್ತದೆ.

ಲೆಕ್ಕ ಮುಗಿಯುವವರೆಗೆ ನಿಂತಿದ್ದು, ಸೀಲು ಬಿದ್ದ ಪತ್ರವನ್ನು ಅವರ ಮುಂದಿಟ್ಟೆ. ಪತ್ರದಲ್ಲಿ ಎಲ್ಲ ಬರೆದಿದ್ದೇನೆ, ನಿಮ್ಮ ಹೆಸರು ತಿದ್ದಿದ್ದೇನೆ, ಕಂಪನಿ ಬಿಟ್ಟಿದ್ದೇನೆ, ಬೇರೆ ಕೆಲಸ ಹಿಡಿದು ಒಟ್ಟಿಗೆ ಮಾಡೋಣ ಎಂದೆ. ಅವರು ಪತ್ರವನ್ನು ಮುಟ್ಟಲಿಲ್ಲ, ಕೈಗೆ ವಾರ್ನಿಶ್ ಹತ್ತಿತ್ತು.

"ಬರದದ್ದು ಛಲೋ ಆತ್ರಿ. ಆದ್ರ ನಿಮ್ಮ ಜೋಡಿ ಕೆಲ್ಸ ನನ್ನಿಂದ ಆಗೂದಿಲ್ಲ. ಸಿಟ್ಟಲ್ಲ. ನಾ ಏಣಿ ಮ್ಯಾಲ ಇದ್ದಾಗ ಕೆಳಗ ನೀವದೀರಿ ಅಂತ ಹತ್ತತಿದ್ದೆ. ಇನ್ನ ಹತ್ತಾಕ ಆಗಂಗಿಲ್ಲ."

 ಪತ್ರವನ್ನು ಮಡಿಸಲು ಹೋದೆ. ಅವರು ತಡೆದರು.

"ಓದ್ರಿ ಅದನ್ನ."

ಕನ್ನಡದಲ್ಲಿ ಹೇಳತೊಡಗಿದೆ. "ನನಗಲ್ರಿ. ನನಗ ಗೊತ್ತೈತಿ ಅದ್ರಾಗ ಏನೈತಿ ಅಂತ. ಮಾಲೀಕಗ ಕನ್ನಡ ಬರಂಗಿಲ್ಲ, ಹಿಂದಿಯೊಳಗ ಓದ್ರಿ. ಜೋರಾಗಿ."

ಅಂಗಡಿಯ ನಡುವೆ ನಿಂತು ಓದಿದೆ. ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಹಿಂದಿ ಮಾಡುತ್ತ, ತಡವರಿಸುತ್ತ. ಎಚ್ಚರಿಕೆಯ ಗಂಟೆಯನ್ನು ನಾನೇ ನಿಲ್ಲಿಸಿದ್ದೆ, ಸೋಮಣ್ಣನವರು ಬಿಗಿದ ವೈರು ಗಟ್ಟಿಯಾಗಿತ್ತು, ಅದನ್ನು ನನ್ನ ಕೈಯಾರೆ ಕಿತ್ತು ತಪ್ಪನ್ನು ಅವರ ಮೇಲೆ ಹಾಕಿದೆ, ಅವರ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಬಾಗಿಲಲ್ಲಿ ಸೀರೆಯ ಚೀಲ ಹಿಡಿದ ಇಬ್ಬರು ಹೆಂಗಸರು ನಿಂತು ನೋಡಿದರು. ನನ್ನ ಹೆಸರು, ಸಹಿ, ತಾರೀಖಿನವರೆಗೂ ಓದಿ ಮುಗಿಸಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಸೋಮಣ್ಣನವರು ತಲೆಯೆತ್ತಿ ಮುಂದಿನ ಕುರ್ಚಿಯ ಕಡೆ ನೋಡಿದರು. ಅದು ಖಾಲಿಯಿತ್ತು.

"ನಡಕ ಎದ್ದು ಚಹಾಕ್ಕ ಹೋಗ್ಯಾನ್ರಿ ಅಂವ. ಪೂರಾ ಕೇಳಿಲ್ಲ. ಬರ್ಲಿ. ಮತ್ತ ಮೊದಲಿಂದ ಓದ್ರಿ."

ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ಸರಿಸಿ, ಅವರು ಹೊಸ ಸುತ್ತು ಶುರು ಮಾಡಿದರು. ಮಾಲೀಕ ಬರುವವರೆಗೆ ಕೂತಿದ್ದೆ. ಬಂದ ಮೇಲೆ ಎದ್ದು ನಿಂತು ಮೊದಲಿನಿಂದ ಓದಿದೆ.